ಮಾಡುತ್ತಿದ್ದೇನೆ, ಮಾಡುತ್ತಿದ್ದೆ: ಇಂಗ್ಲಿಷಿನಲ್ಲಿ ಯಾವ ರೂಪವನ್ನು ಆರಿಸಿಕೊಳ್ಳಬೇಕು?

‘ನಾನು ಕುಮಟಾದಲ್ಲಿ ಕೆಲಸ ಮಾಡುತ್ತಿದ್ದೆ’ ಎಂಬ ಸರಳ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟವರ ಮುಂದೆ ಕನಿಷ್ಠ ಮೂರು ದಾರಿಗಳಿರುತ್ತವೆ. ‘ಐ ವರ್ಕ್ಡ್ ಇನ್ ಕುಮಟಾ’ ಎನ್ನಬಹುದು, ‘ಐ ವಾಸ್ ವರ್ಕಿಂಗ್ ಇನ್ ಕುಮಟಾ’ ಎನ್ನಬಹುದು, ‘ಐ ಯೂಸ್ಡ್ ಟು ವರ್ಕ್ ಇನ್ ಕುಮಟಾ’ ಎಂದೂ ಅನ್ನಬಹುದು. ವ್ಯಾಕರಣದ ಲೆಕ್ಕದಲ್ಲಿ ಮೂರೂ ಸರಿ. ಆದರೆ ಮೊದಲನೆಯದನ್ನು ಕೇಳಿದವರು ‘ಸರಿ, ಅದು ಮುಗಿದ ಸಂಗತಿ’ ಎಂದುಕೊಳ್ಳುತ್ತಾರೆ. ಎರಡನೆಯದನ್ನು ಕೇಳಿದವರು ‘ಹೌದೇ, ಆಗ ಏನಾಯಿತು?’ ಎಂದು ಮುಂದಿನ ಮಾತಿಗೆ ಕಾಯುತ್ತಾರೆ. ಮೂರನೆಯದನ್ನು ಕೇಳಿದವರು ‘ಹಾಗಾದರೆ ಈಗ ಅಲ್ಲಿಲ್ಲ’ ಎಂದು ತಿಳಿಯುತ್ತಾರೆ.

ಶಿರಸಿಯಲ್ಲಿ ಪಿಯುಸಿ ಓದುವವರು, ಕಾರವಾರದಲ್ಲಿ ಸಂದರ್ಶನಕ್ಕೆ ಸಿದ್ಧರಾಗುವವರು, ಗೋಕರ್ಣದಲ್ಲಿ ಹೋಂಸ್ಟೇ ನಡೆಸುವವರು, ಇವರೆಲ್ಲರ ತೊಡಕು ಇಲ್ಲಿಯೇ ಇದೆ. ‘ಆ್ಯಮ್, ಈಸ್, ಆರ್’ ಜೊತೆಗೆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿದರೆ ಪ್ರೆಸೆಂಟ್ ಕಂಟಿನ್ಯುಯಸ್, ‘ವಾಸ್, ವರ್’ ಜೊತೆಗೆ ಸೇರಿಸಿದರೆ ಪಾಸ್ಟ್ ಕಂಟಿನ್ಯುಯಸ್ ಎಂಬುದು ಶಾಲೆಯಲ್ಲಿಯೇ ಬಂದಿರುತ್ತದೆ. ರೂಪವನ್ನು ಕಟ್ಟುವುದು ಒಂದು ಮಧ್ಯಾಹ್ನದ ಪಾಠ. ಯಾವಾಗ ಯಾವುದನ್ನು ಕಟ್ಟಬೇಕೆಂಬ ಆಯ್ಕೆಯೇ ಕಷ್ಟ, ಮತ್ತು ಈ ಬರಹ ಆ ಆಯ್ಕೆಗೆ ಮಾತ್ರ ಸಂಬಂಧಿಸಿದ್ದು.

ಅಳತೆಗೋಲು ಯಾವುದು?

ಕನ್ನಡ ವಾಕ್ಯದಲ್ಲಿ ‘ಉತ್ತಿದ್ದ’ ಕಂಡಲ್ಲೆಲ್ಲ ಇಂಗ್ಲಿಷಿನಲ್ಲಿ ‘ಇಂಗ್’ ಹಚ್ಚುವುದು ನಮ್ಮಲ್ಲಿ ಬಹಳ ಮಂದಿಯ ರೂಢಿ. ಮನೆಮಾತು ಹವ್ಯಕ ಕನ್ನಡವಿದ್ದರೂ ಕೊಂಕಣಿಯಿದ್ದರೂ ಶಾಲೆಯಲ್ಲಿ ಕನ್ನಡದ ಮೂಲಕ ಇಂಗ್ಲಿಷು ಕಲಿತವರಿಗೆ ಇದು ತಾನಾಗಿ ಅಂಟಿಕೊಳ್ಳುತ್ತದೆ. ಆದರೆ ಕನ್ನಡದಲ್ಲಿ ಆ ಒಂದೇ ರೂಪ ಈ ಕ್ಷಣ ನಡೆಯುವ ಕೆಲಸವನ್ನೂ, ಹಿಂದಿನ ರೂಢಿಯನ್ನೂ, ಹಿಂದೆ ತೊಡಗಿ ಇಂದಿನವರೆಗೆ ಸಾಗಿಬಂದದ್ದನ್ನೂ ಹೊರುತ್ತದೆ. ಇಂಗ್ಲಿಷು ಈ ಕೆಲಸಗಳನ್ನು ಬೇರೆ ಬೇರೆ ರೂಪಗಳಿಗೆ ಹಂಚಿಕೊಟ್ಟಿದೆ. ಆದ್ದರಿಂದ ಕನ್ನಡದ ಪ್ರತ್ಯಯವನ್ನು ಬದಿಗಿಟ್ಟು, ಸಂಗತಿಯನ್ನೇ ನೋಡಿ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು.

ಮೊದಲನೆಯದಾಗಿ, ಮಾತು ನಿಂತಿರುವುದು ಈಗಿನ ಹೊತ್ತಿನ ಮೇಲೆಯೋ ಹಿಂದಿನ ಒಂದು ಹೊತ್ತಿನ ಮೇಲೆಯೋ ಎಂಬ ಪ್ರಶ್ನೆ. ಇದರಲ್ಲಿ ಯಾರೂ ಎಡವುವುದಿಲ್ಲ. ಎರಡನೆಯದು, ಕೇಳುವವರನ್ನು ಆ ಕೆಲಸದ ನಡುವೆ ತಂದು ನಿಲ್ಲಿಸಬೇಕೋ ಅಥವಾ ಕೆಲಸವನ್ನು ಆದಿ ಅಂತ್ಯಗಳೊಡನೆ ಇಡಿಯಾಗಿ ಮುಂದಿಡಬೇಕೋ ಎಂಬುದು. ಎಲ್ಲಕ್ಕಿಂತ ತೂಕದ ಪ್ರಶ್ನೆ ಇದೇ. ಮೂರನೆಯದು, ಹೇಳುತ್ತಿರುವುದು ತಾತ್ಕಾಲಿಕವೋ ನೆಲೆನಿಂತದ್ದೋ. ನಾಲ್ಕನೆಯದು, ಆ ಕ್ರಿಯಾಪದ ‘ಇಂಗ್’ ಅನ್ನು ಒಪ್ಪುವಂಥದ್ದೋ ಅಲ್ಲವೋ. ಇವುಗಳ ಮೇಲೆ ಇನ್ನೊಂದು ವ್ಯಾವಹಾರಿಕ ಪ್ರಶ್ನೆಯೂ ಇದೆ: ತಪ್ಪಿದರೆ ಹೋಗುವುದು ಏನು? ಕೆಲವು ತಪ್ಪುಗಳು ಕಿವಿಗೆ ಸ್ವಲ್ಪ ವಿಚಿತ್ರವೆನಿಸಿ ಮುಗಿಯುತ್ತವೆ, ಕೆಲವು ಪರೀಕ್ಷೆಯಲ್ಲಿ ಅಂಕ ಕಳೆಯುತ್ತವೆ, ಕೆಲವು ಮಾತಿನ ಅರ್ಥವನ್ನೇ ತಿರುಗಿಸುತ್ತವೆ. ಕಲಿಯಲು ಸಮಯ ಕಡಿಮೆಯಿರುವವರು ಕೊನೆಯ ಬಗೆಯವನ್ನು ಮೊದಲು ತಿದ್ದಿಕೊಳ್ಳಬೇಕು.

ವರ್ತಮಾನದಲ್ಲಿ: ಸಿಂಪಲ್ ಪ್ರೆಸೆಂಟೋ, ಕಂಟಿನ್ಯುಯಸ್ಸೋ?

ಕಾರವಾರದ ಹೋಟೆಲೊಂದರಲ್ಲಿ ಜೂನ್ ಕೊನೆಗೆ ಊಟಕ್ಕೆ ಕುಳಿತ ಹೊರರಾಜ್ಯದ ಪ್ರವಾಸಿಗ ‘ತಾಜಾ ಬಂಗಡೆ ಏಕಿಲ್ಲ?’ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಇದಕ್ಕೆ ಉತ್ತರವಾಗಿ ‘ದ ಬೋಟ್ಸ್ ಆರ್ ನಾಟ್ ಗೋಯಿಂಗ್ ಔಟ್’ ಎಂದರೆ ಪ್ರವಾಸಿಗನು ಇವತ್ತು ಗಾಳಿ ಜೋರಾಗಿದೆ, ನಾಳೆ ಬಂದರೆ ಸಿಗಬಹುದು ಎಂದುಕೊಳ್ಳುವ ಸಂಭವ ಹೆಚ್ಚು. ‘ದ ಬೋಟ್ಸ್ ಡೋಂಟ್ ಗೋ ಔಟ್ ಇನ್ ಜೂನ್ ಅಂಡ್ ಜುಲೈ’ ಎಂದರೆ ಅದು ಪ್ರತಿವರ್ಷದ ಕಟ್ಟಳೆ ಎಂಬುದು ತಟ್ಟನೆ ತಿಳಿಯುತ್ತದೆ. ಸೆಪ್ಟೆಂಬರಿನಲ್ಲಿ ಚಂಡಮಾರುತದ ಎಚ್ಚರಿಕೆಯಿಂದ ಎರಡು ದಿನ ದೋಣಿ ಇಳಿಯದಿದ್ದಾಗ ಮೊದಲಿನ ವಾಕ್ಯವೇ ಸರಿಹೊಂದುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯೂ ಹೀಗೆಯೇ: ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ ಎನ್ನಲು ‘ಟೇಕ್ಸ್ ಪ್ಲೇಸ್’, ಈ ವಾರ ನಡೆಯುತ್ತಿದೆ ಎನ್ನಲು ‘ಈಸ್ ಟೇಕಿಂಗ್ ಪ್ಲೇಸ್’.

ವಾಸ್ತವ್ಯದ ಮಾತಿನಲ್ಲಿ ಈ ವ್ಯತ್ಯಾಸ ಇನ್ನೂ ಸೂಕ್ಷ್ಮ. ಇಲ್ಲಿಯೇ ಹುಟ್ಟಿ ಬೆಳೆದು ಮನೆ ಮಾಡಿಕೊಂಡವರು ‘ಐ ಲಿವ್ ಇನ್ ಶಿರಸಿ’ ಎನ್ನಬೇಕು. ಮೂರು ವರ್ಷದ ವರ್ಗಾವಣೆಯ ಮೇಲೆ ಕಾರವಾರಕ್ಕೆ ಬಂದ ಅಧಿಕಾರಿ ಅಥವಾ ಕೈಗಾದಲ್ಲಿ ಗುತ್ತಿಗೆಯ ಕೆಲಸ ಮುಗಿಯುವವರೆಗೆ ಬಾಡಿಗೆ ಮನೆಯಲ್ಲಿರುವ ತಂತ್ರಜ್ಞ ‘ಐ ಆ್ಯಮ್ ಲಿವಿಂಗ್ ಇನ್ ಕಾರವಾರ’ ಎನ್ನುವುದು ಒಪ್ಪುತ್ತದೆ. ಅದಲುಬದಲಾದರೆ ಆಕಾಶವೇನೂ ಕಳಚಿ ಬೀಳದು. ಆದರೆ ‘ಡೈಲಿ ಐ ಆ್ಯಮ್ ಗೋಯಿಂಗ್ ಟು ಕಾರವಾರ ಬೈ ಟ್ರೇನ್’ ಎಂಬುದು ಸಂದರ್ಶನದಲ್ಲಿ ಕೂಡಲೇ ಕಿವಿಗೆ ತಾಗುವ ವಾಕ್ಯ. ದಿನನಿತ್ಯದ ಓಡಾಟಕ್ಕೆ ‘ಐ ಗೋ’ ಸಾಕು, ಮತ್ತು ಅದು ಚಿಕ್ಕದು ಕೂಡ.

ನಾಳೆಯ ಮಾತಿಗೂ ವರ್ತಮಾನದ ಈ ರೂಪಗಳು ಬರುತ್ತವೆ. ಕನ್ನಡದ ‘ನಾಳೆ ಬರುತ್ತೇನೆ’ ಎಂಬುದನ್ನು ‘ಐ ಕಮ್ ಟುಮಾರೋ’ ಎಂದು ಹೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ದಿನ, ಹೊತ್ತು ಗೊತ್ತುಮಾಡಿಕೊಂಡ ಖಾಸಗಿ ಏರ್ಪಾಡಿಗೆ ‘ಐ ಆ್ಯಮ್ ಕಮಿಂಗ್ ಟುಮಾರೋ’ ಎಂಬ ಕಂಟಿನ್ಯುಯಸ್ ರೂಪ ಹೊಂದುತ್ತದೆ. ರೈಲು, ಬಸ್ಸುಗಳ ವೇಳಾಪಟ್ಟಿಯಂತೆ ನಮ್ಮ ಕೈಯಲ್ಲಿಲ್ಲದ ನಿಗದಿಗೆ ಮಾತ್ರ ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸಿಂಪಲ್ ರೂಪ. ಮಾತಾಡುವ ಆ ಗಳಿಗೆಯಲ್ಲಿ ತೀರ್ಮಾನಿಸಿದ್ದಾದರೆ ಇವೆರಡೂ ಅಲ್ಲ, ‘ಐ ವಿಲ್ ಕಮ್’.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಬಲೆಯಿದೆ. ಹೋಟೆಲಿನಲ್ಲಿ ಗಿರಾಕಿ ಕೂಗಿದಾಗ ನಾವು ‘ಬಂದೆ, ಬಂದೆ’ ಎನ್ನುತ್ತೇವೆ. ಹೆಜ್ಜೆ ಇನ್ನೂ ಅಡುಗೆಮನೆಯ ಹೊಸ್ತಿಲಲ್ಲಿರುತ್ತದೆ. ಫೋನಿನಲ್ಲಿ ‘ಹೊರಟೆ’ ಎನ್ನುವಾಗ ಚಪ್ಪಲಿಯನ್ನೂ ಮೆಟ್ಟಿರುವುದಿಲ್ಲ. ಕನ್ನಡದಲ್ಲಿ ಇದು ಭೂತಕಾಲ, ಆದರೆ ಇಂಗ್ಲಿಷಿನಲ್ಲಿ ‘ಐ ಕೇಮ್’, ‘ಐ ಲೆಫ್ಟ್’ ಎಂದರೆ ಕೆಲಸ ನಿಜಕ್ಕೂ ಮುಗಿದಿದೆ ಎಂದರ್ಥ. ‘ಐ ಲೆಫ್ಟ್’ ಎಂದು ಕೇಳಿದ ಅತಿಥಿ ನಿಲ್ದಾಣದಲ್ಲಿ ನಿಮಿಷ ಎಣಿಸತೊಡಗುತ್ತಾನೆ. ಇಲ್ಲಿ ಬೇಕಾದದ್ದು ‘ಐ ಆ್ಯಮ್ ಕಮಿಂಗ್’, ‘ಐ ಆ್ಯಮ್ ಲೀವಿಂಗ್ ನೌ’.

ಪ್ರತ್ಯಯ ನೋಡಿ ಹೋಗುವವರು ಇನ್ನೊಂದು ಕಡೆಯೂ ಸಿಕ್ಕಿಬೀಳುತ್ತಾರೆ, ಮತ್ತು ಈ ಅಂಶವನ್ನು ನಮ್ಮ ಪಠ್ಯಗಳು ಅಷ್ಟಾಗಿ ಮುಟ್ಟುವುದಿಲ್ಲ. ಕೂತಿದ್ದಾನೆ, ನಿಂತಿದ್ದಾಳೆ, ಮಲಗಿದ್ದಾರೆ, ಹಿಡಿದುಕೊಂಡಿದ್ದಾನೆ, ಉಟ್ಟಿದ್ದಾಳೆ ಎಂಬಲ್ಲಿ ‘ಉತ್ತ’ ಇಲ್ಲ. ಕನ್ನಡಕ್ಕೆ ಕೂರುವುದು ಆಗಿ ಮುಗಿದ ಕ್ರಿಯೆ, ಈಗ ಉಳಿದಿರುವುದು ಅದರ ಫಲವಾದ ಸ್ಥಿತಿ. ಇಂಗ್ಲಿಷು ಇದನ್ನೇ ನಡೆಯುತ್ತಿರುವ ಕೆಲಸವೆಂದು ನೋಡುತ್ತದೆ: ‘ಈಸ್ ಸಿಟಿಂಗ್’, ‘ಈಸ್ ಸ್ಟ್ಯಾಂಡಿಂಗ್’, ‘ಈಸ್ ಹೋಲ್ಡಿಂಗ್’, ‘ಈಸ್ ವೇರಿಂಗ್’. ಅಂಕೋಲೆಯ ಸಂತೆಯಲ್ಲಿ ತೆಗೆದ ಒಂದು ಚಿತ್ರವನ್ನು ವಿವರಿಸುವವರು ‘ಈ ಹಾಲಕ್ಕಿ ಮಹಿಳೆ ಕೊರಳ ತುಂಬ ಮಣಿಸರ ಹಾಕಿಕೊಂಡಿದ್ದಾಳೆ’ ಎಂಬುದಕ್ಕೆ ‘ಶಿ ಹ್ಯಾಸ್ ವೋರ್ನ್’ ಎನ್ನಬಾರದು, ‘ಶಿ ಈಸ್ ವೇರಿಂಗ್’ ಎನ್ನಬೇಕು. ಅದೇ ಮಾತು ಆ ಸಮುದಾಯದ ಪದ್ಧತಿಯ ಬಗ್ಗೆಯಾದರೆ ಮತ್ತೆ ಸಿಂಪಲ್ ಪ್ರೆಸೆಂಟ್: ‘ಹಾಲಕ್ಕಿ ವಿಮೆನ್ ವೇರ್ ಬೀಡ್ಸ್’. ಒಂದು ಕಣ್ಣೆದುರಿನ ಒಬ್ಬಳ ಮಾತು, ಇನ್ನೊಂದು ಎಲ್ಲರ ರೂಢಿಯ ಮಾತು.

ಯಕ್ಷಗಾನದ ಆಟಕ್ಕೆ ಹೊರಗಿನವರನ್ನು ಕರೆದುಕೊಂಡು ಹೋದವರಿಗೆ ಎರಡೂ ರೂಪ ಒಟ್ಟಿಗೆ ಬೇಕಾಗುತ್ತವೆ. ಪ್ರಸಂಗದ ಕಥೆ ಹೇಳುವಾಗ ಸಿಂಪಲ್ ಪ್ರೆಸೆಂಟ್, ‘ಭೀಮ ಕಿಲ್ಸ್ ಕೀಚಕ’. ರಂಗದ ಮೇಲೆ ಈಗ ಕಾಣುವುದನ್ನು ತೋರಿಸುವಾಗ ಕಂಟಿನ್ಯುಯಸ್, ‘ನೌ ಹಿ ಈಸ್ ಚಾಲೆಂಜಿಂಗ್ ಹಿಮ್’.

‘ಆಲ್ವೇಸ್’ ಎಂಬ ಪದ ಬಂದರೆ ಸಿಂಪಲ್ ಪ್ರೆಸೆಂಟ್ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಬಹುತೇಕ ಅದು ಸರಿ. ಆದರೆ ಗೊಣಗಾಟಕ್ಕೆ ಬೇರೆ ನಿಯಮವಿದೆ: ‘ದ ಪವರ್ ಈಸ್ ಆಲ್ವೇಸ್ ಗೋಯಿಂಗ್ ಔಟ್’ ಎಂಬಲ್ಲಿ ಮಳೆಗಾಲದ ಮಲೆನಾಡಿನ ಬೇಸರವೆಲ್ಲ ಆ ‘ಇಂಗ್’ನಲ್ಲಿಯೇ ಇದೆ. ಮೆಲ್ಲಗೆ ಆಗುತ್ತಿರುವ ಬದಲಾವಣೆಗೂ ಇದೇ ರೂಪ ಸಲ್ಲುತ್ತದೆ; ಕಡಲ್ಕೊರೆತದ ಬಗ್ಗೆ ‘ದ ಸೀ ಈಸ್ ಈಟಿಂಗ್ ಅವೇ ದ ಬೀಚ್’ ಎನ್ನುವಾಗ ಆ ಕ್ಷಣಕ್ಕೆ ಅಲೆ ಬಡಿಯುತ್ತಿರಬೇಕೆಂದೇನೂ ಇಲ್ಲ.

‘ಇಂಗ್’ ಒಪ್ಪದ ಕ್ರಿಯಾಪದಗಳು

ನೋ, ವಾಂಟ್, ನೀಡ್, ಲೈಕ್, ಬಿಲೀವ್, ಅಂಡರ್‌ಸ್ಟ್ಯಾಂಡ್, ಬಿಲಾಂಗ್, ಓನ್ ಮೊದಲಾದವು ಕೆಲಸವನ್ನಲ್ಲ, ಸ್ಥಿತಿಯನ್ನು ಹೇಳುತ್ತವೆ. ಸ್ಥಿತಿಗೆ ನಡು ಎಂಬುದಿಲ್ಲವಾದ್ದರಿಂದ ಅವು ಸಾಮಾನ್ಯವಾಗಿ ಕಂಟಿನ್ಯುಯಸ್ ರೂಪಕ್ಕೆ ಬಗ್ಗುವುದಿಲ್ಲ. ‘ಐ ಆ್ಯಮ್ ನಾಟ್ ನೋಯಿಂಗ್’, ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬವು ಭಾರತೀಯರ ಇಂಗ್ಲಿಷಿನಲ್ಲಿ ಎಷ್ಟು ಕೇಳಿಬರುತ್ತವೆಯೆಂದರೆ ನಮಗೆ ನಮಗೇ ಮಾತಾಡಿಕೊಳ್ಳುವಾಗ ಯಾರಿಗೂ ಕಿರಿಕಿರಿಯಾಗುವುದಿಲ್ಲ. ಪರೀಕ್ಷೆಯಲ್ಲಿ ಮತ್ತು ಹೊರದೇಶದವರ ಎದುರು ಮಾತ್ರ ಅವು ತಪ್ಪೆಂದೇ ಲೆಕ್ಕ.

ಇಲ್ಲಿ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಒಂದೇ ಪದ ಎರಡು ವೇಷದಲ್ಲಿ ಬರುವುದನ್ನು ಗಮನಿಸುವುದು ಹೆಚ್ಚು ಫಲ ಕೊಡುತ್ತದೆ. ಶಿರಸಿಯ ಅಡಿಕೆ ವ್ಯಾಪಾರದ ಅಂಗಳದಲ್ಲಿ ಹಮಾಲ ಚೀಲವನ್ನು ತಕ್ಕಡಿಗೆ ಏರಿಸಿದಾಗ ಗುಮಾಸ್ತ ಮಾಡುತ್ತಿರುವುದು ಒಂದು ಕೆಲಸ: ‘ಹಿ ಈಸ್ ವೇಯಿಂಗ್ ದ ಬ್ಯಾಗ್’. ಮುಳ್ಳು ನಿಂತು ತೂಕ ಗೊತ್ತಾದ ಮೇಲೆ ಅದು ಚೀಲದ ಗುಣ: ‘ದ ಬ್ಯಾಗ್ ವೇಯ್ಸ್ ಫಿಫ್ಟಿ ಕಿಲೋಸ್’. ಗುಮಾಸ್ತನ ಕೆಲಸಕ್ಕೆ ‘ಇಂಗ್’ ಉಂಟು, ಚೀಲಕ್ಕೆ ಇಲ್ಲ. ‘ಹ್ಯಾವ್’ ಕೂಡ ಹೀಗೆಯೇ: ಊಟ ಮಾಡುವುದು ಕೆಲಸವಾದ್ದರಿಂದ ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಸರಿ, ತೋಟ ಇರುವುದು ಸ್ಥಿತಿಯಾದ್ದರಿಂದ ‘ಐ ಹ್ಯಾವ್ ಎ ಗಾರ್ಡನ್’. ‘ಐ ಥಿಂಕ್’ ಎಂದರೆ ಅಭಿಪ್ರಾಯ, ‘ಐ ಆ್ಯಮ್ ಥಿಂಕಿಂಗ್’ ಎಂದರೆ ತಲೆ ಕೆಲಸ ಮಾಡುತ್ತಿದೆ, ತೀರ್ಮಾನ ಇನ್ನೂ ಬಂದಿಲ್ಲ. ಜಾಗ ಕೊಳ್ಳುವ ಮಾತುಕತೆಯಲ್ಲಿ ಇವೆರಡನ್ನೂ ಅದಲುಬದಲು ಮಾಡಿದರೆ ಎದುರಿನವರು ನೀವು ಒಪ್ಪಿದಿರೆಂದೋ ಒಪ್ಪಲಿಲ್ಲವೆಂದೋ ತಪ್ಪು ತಿಳಿಯಬಹುದು.

ಭೂತಕಾಲದಲ್ಲಿ: ಮೂರು ರೂಪಗಳ ಪೈಪೋಟಿ

ಪಾಸ್ಟ್ ಕಂಟಿನ್ಯುಯಸ್ ಒಂಟಿಯಾಗಿ ನಿಲ್ಲುವ ರೂಪವಲ್ಲ. ಅದಕ್ಕೆ ಆತುಕೊಳ್ಳಲು ಹಿಂದಿನ ಒಂದು ಹೊತ್ತೋ ಇನ್ನೊಂದು ಘಟನೆಯೋ ಬೇಕು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಅದರ ಮೇಲಿದ್ದ ಲಾರಿಯೊಂದು ನೀರಿಗೆ ಬಿದ್ದಿತು, ಚಾಲಕನನ್ನು ರಕ್ಷಿಸಲಾಯಿತು. ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಹೇಳುವವರಿಗೆ ಎರಡು ಕ್ರಿಯೆಗಳಿವೆ, ದಾಟುವುದು ಮತ್ತು ಕುಸಿಯುವುದು. ‘ಎ ಲಾರಿ ವಾಸ್ ಕ್ರಾಸಿಂಗ್ ದ ಬ್ರಿಜ್ ವೆನ್ ಇಟ್ ಕೊಲ್ಯಾಪ್ಸ್ಡ್’ ಎಂಬುದು ನಡೆದದ್ದನ್ನು ನಡೆದಂತೆ ಹೇಳುತ್ತದೆ: ದಾಟುವ ಕೆಲಸದ ನಡುವೆ ಕುಸಿತ ಬಂದು ಅದನ್ನು ತುಂಡರಿಸಿತು. ಇದನ್ನೇ ‘ಎ ಲಾರಿ ಕ್ರಾಸ್ಡ್ ದ ಬ್ರಿಜ್ ವೆನ್ ಇಟ್ ಕೊಲ್ಯಾಪ್ಸ್ಡ್’ ಎಂದರೆ ಸೇತುವೆ ಕುಸಿದ ಮೇಲೆ ಲಾರಿ ದಾಟಿ ಆಚೆ ದಡ ಸೇರಿತೆಂಬ ಅಸಂಬದ್ಧ ಬರುತ್ತದೆ. ‘ವಾಸ್ ಕ್ರಾಸಿಂಗ್ ವೆನ್ ಇಟ್ ವಾಸ್ ಕೊಲ್ಯಾಪ್ಸಿಂಗ್’ ಎಂದರೆ ಸೇತುವೆ ನಿಧಾನವಾಗಿ ಕುಸಿಯುತ್ತಲೇ ಇತ್ತು, ಲಾರಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು ಎಂಬ ಚಿತ್ರ. ಪದಗಳು ಅವೇ, ರೂಪ ಬದಲಾದಷ್ಟೂ ಸಂಗತಿ ಬದಲಾಗುತ್ತದೆ.

‘ವೆನ್’ ಇರುವ ವಾಕ್ಯದಲ್ಲಿ ಎರಡೂ ಕಡೆ ಸಿಂಪಲ್ ಪಾಸ್ಟ್ ಇದ್ದರೆ ಒಂದಾದ ಮೇಲೊಂದು ಎಂಬ ಅರ್ಥ ಬರುವುದು ಸಾಮಾನ್ಯ. ‘ವೆನ್ ದ ಗೆಸ್ಟ್ಸ್ ಅರೈವ್ಡ್, ವಿ ಕುಕ್ಡ್’ ಎಂದರೆ ಅತಿಥಿಗಳು ಬಂದ ಮೇಲೆ ಒಲೆ ಹಚ್ಚಿದೆವು. ‘ವಿ ವರ್ ಕುಕಿಂಗ್’ ಎಂದರೆ ಅವರು ಬರುವಾಗಲೇ ಅಡುಗೆ ನಡೆಯುತ್ತಿತ್ತು. ಊಟ ತಡವಾದದ್ದಕ್ಕೆ ಅತಿಥಿ ದೂರಿದಾಗ ಇವೆರಡರ ನಡುವಿನ ಅಂತರ ಸಣ್ಣದಲ್ಲ.

ಬಹಳ ಹೊತ್ತು ನಡೆದದ್ದಕ್ಕೆಲ್ಲ ಕಂಟಿನ್ಯುಯಸ್ ಬೇಕೆಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ದೇವಿಮನೆ ಘಟ್ಟದಲ್ಲಿ ರಸ್ತೆ ಕಟ್ಟಿ ಮೂರು ತಾಸು ಕಾದದ್ದನ್ನು ‘ಐ ವೇಟೆಡ್ ಫಾರ್ ತ್ರೀ ಅವರ್ಸ್’ ಎಂದೇ ಹೇಳಬೇಕು. ಇಡೀ ದಿನ ಮಳೆ ಹೊಯ್ದರೂ ‘ಇಟ್ ರೈನ್ಡ್ ಆಲ್ ಡೇ’ ಸಾಕು. ಎಷ್ಟು ಹೊತ್ತು ಎಂಬ ಅಳತೆ ಸಿಕ್ಕಿತೆಂದರೆ ಕೆಲಸ ಇಡಿಯಾಗಿ ಕಂಡಂತಾಯಿತು; ನಡುವೆ ನಿಲ್ಲುವ ಪ್ರಶ್ನೆ ಬರುವುದಿಲ್ಲ. ಆ ಕಾಯುವಿಕೆಯೊಳಗೆ ಬೇರೇನಾದರೂ ಸಂಭವಿಸಿದ್ದನ್ನು ಹೇಳುವುದಿದ್ದರೆ ಆಗ ‘ವೈಲ್ ಐ ವಾಸ್ ವೇಟಿಂಗ್’ ಬರಲಿ.

ಮುಗಿಯಿತೋ ಇಲ್ಲವೋ ಎಂಬುದೂ ಈ ಆಯ್ಕೆಯಲ್ಲಿ ಅಡಗಿರುತ್ತದೆ. ರವೀಂದ್ರನಾಥ ಟಾಗೋರರು ತಮ್ಮ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿ ಬಂದು ತಂಗಿದ್ದರು, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಈಗಿನ ಕಡಲತೀರಕ್ಕೆ ಅವರ ಹೆಸರಿದೆ. ಇದನ್ನು ಪ್ರವಾಸಿಗರಿಗೆ ಹೇಳುವ ಮಾರ್ಗದರ್ಶಿ ‘ಟಾಗೋರ್ ರೋಟ್ ಎ ಪ್ಲೇ ವೈಲ್ ಹಿ ವಾಸ್ ಸ್ಟೇಯಿಂಗ್ ಇನ್ ಕಾರವಾರ’ ಎಂದರೆ ಎರಡೂ ರೂಪಗಳು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ: ತಂಗಿದ್ದದ್ದು ಹಿನ್ನೆಲೆ, ಬರೆದದ್ದು ಮುಗಿದ ಕಾರ್ಯ. ‘ವಾಸ್ ರೈಟಿಂಗ್ ಎ ಪ್ಲೇ’ ಎಂದುಬಿಟ್ಟರೆ ಬರೆದು ಮುಗಿಸಿದರೋ ಅರ್ಧಕ್ಕೆ ಬಿಟ್ಟರೋ ಗೊತ್ತಾಗುವುದಿಲ್ಲ. ಕೆಲಸಕ್ಕೆ ಅರ್ಜಿ ಹಾಕುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ‘ಇನ್ 2022 ಐ ವಾಸ್ ಡೂಯಿಂಗ್ ಮೈ ಡಿಪ್ಲೊಮಾ’ ಎಂದರೆ ಡಿಪ್ಲೊಮಾ ಮುಗಿದಿದೆಯೇ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ‘ಐ ಕಂಪ್ಲೀಟೆಡ್’ ಎಂದವರಿಗೆ ಆ ತೊಂದರೆಯಿಲ್ಲ.

ಇನ್ನು ಹಳೆಯ ರೂಢಿಗಳ ಮಾತು. ‘ಚಿಕ್ಕವನಿದ್ದಾಗ ಶಾಲೆಗೆ ನಡೆದು ಹೋಗುತ್ತಿದ್ದೆ’ ಎಂಬಲ್ಲಿ ಕನ್ನಡಕ್ಕೆ ‘ಉತ್ತಿದ್ದೆ’ ಬೇಕೇ ಬೇಕು, ಇಂಗ್ಲಿಷಿಗೆ ‘ವಾಸ್ ಗೋಯಿಂಗ್’ ಬೇಡ. ಒಮ್ಮೆಯಲ್ಲ, ದಿನಾ ನಡೆದದ್ದಾದ್ದರಿಂದ ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’ ಅಥವಾ ಬರಿಯ ‘ಐ ವಾಕ್ಡ್ ಟು ಸ್ಕೂಲ್’. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯುವ ಮೊದಲು ಕರಾವಳಿಯ ಜನ ಮುಂಬಯಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು ಎನ್ನಲು ‘ಪೀಪಲ್ ಯೂಸ್ಡ್ ಟು ಗೋ ಟು ಮುಂಬೈ ಬೈ ಬಸ್’. ‘ಯೂಸ್ಡ್ ಟು’ ಎಂದರೆ ಈಗ ಹಾಗಿಲ್ಲ ಎಂಬ ಸುಳಿವು ಉಚಿತವಾಗಿ ಸಿಗುತ್ತದೆ. ಸಿಂಪಲ್ ಪಾಸ್ಟ್ ಆ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡರಲ್ಲಿ ಯಾವುದನ್ನು ಬಳಸಿದರೂ ತಪ್ಪಾಗದು. ನನ್ನ ಮಟ್ಟಿಗೆ, ಕನ್ನಡಿಗರು ಪಾಸ್ಟ್ ಕಂಟಿನ್ಯುಯಸ್‌ನಲ್ಲಿ ಮಾಡುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಒಂದು ಜಾಗದಲ್ಲಿಯೇ ಇದೆ, ಇದನ್ನು ತಿದ್ದಿಕೊಂಡರೆ ಉಳಿದದ್ದು ಹಗುರ.

ಇನ್ನೊಂದು ರೂಪ ಹೊರಗಿನಿಂದ ಬಂದು ಸೇರಿಕೊಳ್ಳಬೇಕು. ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದಕ್ಕೆ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬುದು ಸಂದರ್ಶನದ ಕೋಣೆಗಳಲ್ಲಿ ದಿನಾ ಕೇಳಿಬರುವ ಉತ್ತರ. ಕನ್ನಡದಲ್ಲಿ ‘ಇಂದ’ ಬಂದು, ಕೆಲಸ ಇಂದಿಗೂ ಮುಂದುವರಿದಿದ್ದರೆ ಈವರೆಗೆ ನೋಡಿದ ರೂಪಗಳಲ್ಲಿ ಯಾವುದೂ ಸಲ್ಲದು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎನ್ನಬೇಕು. ಅಳತೆಯಿದ್ದರೆ ‘ಫಾರ್’, ತೊಡಗಿದ ವರ್ಷವಿದ್ದರೆ ‘ಸಿನ್ಸ್’.

ಹಿಂದಿನದಲ್ಲದ ‘ವಾಸ್’

‘ಐ ವಾಸ್ ಹೋಪಿಂಗ್ ಟು ಬುಕ್ ಎ ರೂಮ್ ಫಾರ್ ಸ್ಯಾಟರ್ಡೇ’ ಎಂಬ ಸಂದೇಶ ಬಂದಾಗ, ಹಿಂದೆ ಆಸೆಯಿತ್ತು, ಈಗ ಬಿಟ್ಟಿದ್ದಾರೆ ಎಂದು ಓದಿದರೆ ಗಿರಾಕಿ ಕೈತಪ್ಪುತ್ತಾರೆ. ಕೇಳಿಕೆಯನ್ನು ಒಂದು ಹೆಜ್ಜೆ ಹಿಂದಕ್ಕಿಟ್ಟು ಒತ್ತಡ ಕಡಿಮೆ ಮಾಡುವ ಸೌಜನ್ಯ ಇದು. ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್’ ಎಂಬುದೂ ಅಂಥದ್ದೇ. ನಾವು ‘ಸ್ವಲ್ಪ ಸಹಾಯ ಆಗಬೇಕಿತ್ತು’ ಎನ್ನುತ್ತೇವಲ್ಲ, ಅಲ್ಲಿಯೂ ಆಗಬೇಕಾದದ್ದು ಈಗಲೇ. ಕಚೇರಿಗೆ, ಬ್ಯಾಂಕಿಗೆ ಪತ್ರ ಬರೆಯುವವರು ‘ಐ ವಾಂಟ್’ ಬದಲಿಗೆ ಇದನ್ನು ಬಳಸಬಹುದು. ‘ಐ ವಾಸ್ ಗೋಯಿಂಗ್ ಟು ಕಾಲ್ ಯು’ ಎಂಬುದು ಮಾತ್ರ ಬೇರೆ: ಕರೆ ಮಾಡುವವನಿದ್ದೆ, ಮಾಡಲಿಲ್ಲ.

ಯಾರಿಗೆ ಯಾವುದು ಮೊದಲು?

ಪರೀಕ್ಷೆಗೆ ಕೂರುವವರಿಗೆ ಸುಳಿವಿನ ಪದಗಳು ನೆರವಾಗುತ್ತವೆ. ‘ನೌ’, ‘ಅಟ್ ಪ್ರೆಸೆಂಟ್’, ‘ಲುಕ್’ ಇದ್ದರೆ ಪ್ರೆಸೆಂಟ್ ಕಂಟಿನ್ಯುಯಸ್, ‘ವೈಲ್’ ಅಥವಾ ‘ಅಟ್ ದಿಸ್ ಟೈಮ್ ಯೆಸ್ಟರ್ಡೇ’ ಇದ್ದರೆ ಪಾಸ್ಟ್ ಕಂಟಿನ್ಯುಯಸ್ ಎಂಬುದು ಬಹುಪಾಲು ಪ್ರಶ್ನೆಗಳಲ್ಲಿ ಗುರಿ ತಪ್ಪುವುದಿಲ್ಲ. ಆದರೆ ‘ನೌ ಐ ನೋ’ ಎಂಬಂಥ ವಾಕ್ಯ ಕೊಟ್ಟು ಬೀಳಿಸುವವರೂ ಇದ್ದಾರೆ, ಆದ್ದರಿಂದ ಕ್ರಿಯಾಪದದ ಸ್ವಭಾವವನ್ನು ಕೊನೆಗೊಮ್ಮೆ ನೋಡಿ ಬರೆಯಬೇಕು. ಪರೋಕ್ಷ ಕಥನದ ಪ್ರಶ್ನೆಯಲ್ಲಿ ‘ಐ ಆ್ಯಮ್ ಕಮಿಂಗ್’ ಎಂಬುದು ‘ಹಿ ಸೆಡ್ ದಟ್ ಹಿ ವಾಸ್ ಕಮಿಂಗ್’ ಆಗುತ್ತದೆ. ಅದು ಯಾಂತ್ರಿಕ ಬದಲಾವಣೆ, ಅಭ್ಯಾಸದಿಂದ ಬರುತ್ತದೆ.

ಸಂದರ್ಶನಕ್ಕೆ ಹೋಗುವವರಿಗೆ ಪಾಸ್ಟ್ ಕಂಟಿನ್ಯುಯಸ್ ಹೆಚ್ಚಾಗಿ ಬೇಕಾಗುವುದೇ ಇಲ್ಲ. ದಿನದ ಕೆಲಸಕ್ಕೆ ಸಿಂಪಲ್ ಪ್ರೆಸೆಂಟ್, ಮುಗಿಸಿದ್ದಕ್ಕೆ ಸಿಂಪಲ್ ಪಾಸ್ಟ್, ಇಂದಿಗೂ ಸಾಗಿರುವುದಕ್ಕೆ ‘ಹ್ಯಾವ್ ಬೀನ್’, ಇವು ಮೂರು ಗಟ್ಟಿಯಾದರೆ ಹತ್ತು ನಿಮಿಷದ ಮಾತು ಸಲೀಸು. ಹೋಂಸ್ಟೇ, ಟ್ಯಾಕ್ಸಿ, ದೋಣಿವಿಹಾರ ನಡೆಸುವವರಿಗೆ ಲೆಕ್ಕ ಬೇರೆ: ಅವರ ಮಾತೆಲ್ಲ ಈಗ, ಇಲ್ಲಿ, ಸಂಜೆ, ನಾಳೆ ಎಂಬುದರ ಸುತ್ತ ಇರುವುದರಿಂದ ಪ್ರೆಸೆಂಟ್ ಕಂಟಿನ್ಯುಯಸ್ ಮೇಲೆ ಸಮಯ ಹಾಕುವುದು ಲಾಭದಾಯಕ, ವಿಶೇಷವಾಗಿ ‘ಬಂದೆ’, ‘ಹೊರಟೆ’ಗಳ ವಿಷಯದಲ್ಲಿ.

ಕೈಯಲ್ಲಿ ಒಂದು ವಾರ ಮಾತ್ರ ಇದ್ದು, ಕ್ಲಾಸಿಗೆ ಹಣ ಕೊಡುವ ಯೋಚನೆಯೂ ಇಲ್ಲದವರು ಸಂದೇಹ ಬಂದಾಗಲೆಲ್ಲ ಸಿಂಪಲ್ ರೂಪವನ್ನೇ ಆರಿಸಲಿ. ಇದು ನನ್ನ ದೃಢವಾದ ಸಲಹೆ. ನಾವು ತಪ್ಪುವುದು ಹೆಚ್ಚಾಗಿ ‘ಇಂಗ್’ ಬಿಟ್ಟದ್ದರಿಂದಲ್ಲ, ಬೇಡದ ಕಡೆ ಹಚ್ಚಿದ್ದರಿಂದ. ನಾಲ್ಕಾರು ತಿಂಗಳ ಬಿಡುವಿರುವವರು ಮಾತ್ರ ಸ್ಥಿತಿವಾಚಕ ಕ್ರಿಯಾಪದಗಳನ್ನೂ ‘ಯೂಸ್ಡ್ ಟು’ವನ್ನೂ ಒಂದೊಂದಾಗಿ ಹಿಡಿಯಬಹುದು. ಅಭ್ಯಾಸಕ್ಕೆ ಬಸ್ಸಿನ ಕಿಟಕಿ ಸಾಕು: ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಕಣ್ಣಿಗೆ ಬಿದ್ದದ್ದನ್ನು ಪ್ರೆಸೆಂಟ್ ಕಂಟಿನ್ಯುಯಸ್‌ನಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳುವುದು, ರಾತ್ರಿ ಅದನ್ನೇ ‘ವೆನ್ ದ ಬಸ್ ಸ್ಟಾಪ್ಡ್, ಎ ಮ್ಯಾನ್ ವಾಸ್ ಸೆಲ್ಲಿಂಗ್ ಕೋಕಮ್’ ಎಂಬ ಮಾದರಿಯಲ್ಲಿ ಬರೆಯುವುದು.

ಅಪಘಾತದ ಹೇಳಿಕೆ, ವಿಮೆಯ ಅರ್ಜಿ, ದೂರಿನ ಪತ್ರ ಬರೆಯುವವರಿಗೆ ಈ ಎಲ್ಲದರಲ್ಲಿ ಪಾಸ್ಟ್ ಕಂಟಿನ್ಯುಯಸ್ ಅತ್ಯಗತ್ಯ, ಆದರೆ ಅದೂ ಒಂದೆರಡು ವಾಕ್ಯಗಳಷ್ಟೇ. ಘಟನೆಯಾದಾಗ ಏನು ನಡೆಯುತ್ತಿತ್ತು ಎಂಬ ಹಿನ್ನೆಲೆಯನ್ನು ಅದರಲ್ಲಿ ಹೇಳಿ, ಆಮೇಲೆ ಆದದ್ದನ್ನೆಲ್ಲ ಸರತಿಯಂತೆ ಸಿಂಪಲ್ ಪಾಸ್ಟ್‌ನಲ್ಲಿ ಬರೆದರೆ ಓದುವ ಅಧಿಕಾರಿಗೆ ಗೊಂದಲವಾಗುವುದಿಲ್ಲ: ‘ಐ ವಾಸ್ ರೈಡಿಂಗ್ ಟುವರ್ಡ್ಸ್ ಅಂಕೋಲಾ. ಇಟ್ ವಾಸ್ ರೈನಿಂಗ್. ಎ ಕಾರ್ ಕೇಮ್ ಫ್ರಮ್ ದ ಲೆಫ್ಟ್, ಹಿಟ್ ಮೈ ಸ್ಕೂಟರ್ ಅಂಡ್ ಡಿಡ್ ನಾಟ್ ಸ್ಟಾಪ್.’